ಡ್ರಾಯರ್‌ನಲ್ಲಿ ಹಿಕ್ಕೆ, ಮೂಲೆಯಲ್ಲಿ ನಾತ: ಬಂದಿರೋದು ಸುಂಡಿಲಿಯೋ, ದೊಡ್ಡಿಲಿಯೋ?

ಹಾಸನದ ಬಾಡಿಗೆಮನೆ
ಎಲ್ಲರಿಗೂ ನಮಸ್ಕಾರ. ನಮ್ಮದು ಹಾಸನದಲ್ಲಿ ಗ್ರೌಂಡ್ ಫ್ಲೋರ್ ಬಾಡಿಗೆ ಮನೆ, ಹಿಂದೆ ಖಾಲಿ ಸೈಟು. ಮಳೆ ಹಿಡಿದ ಮೇಲೆ ಅಡುಗೆಮನೆ ಡ್ರಾಯರ್ ಒಳಗೆ, ಸ್ಟವ್ ಹಿಂದೆ, ರವೆ ಅವಲಕ್ಕಿ ಇಡೋ ಶೆಲ್ಫಲ್ಲಿ ಕಪ್ಪು ಹಿಕ್ಕೆ ಕಾಣ್ತಿದೆ. ಅಕ್ಕಿ ಚೀಲದ ಮೂಲೆ ಕೊರೆದಿದೆ. ವಾಷಿಂಗ್ ಮಷೀನ್ ಇರೋ ಯುಟಿಲಿಟಿಯ ಮೂಲೆಯಲ್ಲಿ ಬೇರೆ ಥರದ್ದೇ ಒಂದು ನಾತ. ಅಲ್ಲೂ ಏನೋ ಬಿದ್ದಿದೆ, ಆದ್ರೆ ಅಡುಗೆಮನೆಯದ್ದರ ಥರ ಇಲ್ಲ. ಓನರ್ ಅಂಕಲ್ "ಹೆಗ್ಗಣ ಕಣಮ್ಮ, ಕೇಕ್ ತಂದು ಹಾಕಿ" ಅಂತಾರೆ. ಪೆಸ್ಟ್ ಕಂಟ್ರೋಲ್‌ನವರು ಏನೂ ನೋಡದೆ ಫೋನಲ್ಲೇ ಪ್ಯಾಕೇಜ್ ರೇಟ್ ಹೇಳಿದ್ರು. ಅಂಬೆಗಾಲಿಡೋ ಮಗು ಇದೆ, ಸಿಕ್ಕಸಿಕ್ಕಲ್ಲಿ ವಿಷ ಇಡೋ ಧೈರ್ಯ ನನಗಿಲ್ಲ. ಇಲಿಯನ್ನ ಇನ್ನೂ ಕಣ್ಣಾರೆ ನೋಡಿಲ್ಲ. ಬರೀ ಗುರುತು ನೋಡಿ ಯಾವುದು ಅಂತ ಹೇಳೋಕಾಗತ್ತಾ?

ಗೋದಾಮು ತಾತ
ಧಾರಾಳವಾಗಿ ಹೇಳಬಹುದಮ್ಮ. ಧಾನ್ಯದ ಗೋದಾಮಿನಲ್ಲಿ ದುಡಿದು ರಿಟೈರ್ ಆದವನು ನಾನು. ಅಲ್ಲಿ ಇಲಿ ಕಣ್ಣಿಗೆ ಬೀಳೋದು ಅಪರೂಪ. ಅದು ಬಿಟ್ಟು ಹೋದದ್ದನ್ನ ನೋಡಿಯೇ ಲೆಕ್ಕ ಹಾಕೋದು.

ಮೊದಲು ಒಂದು ಸ್ಕೇಲ್ ತಗೊಂಡು ಹಿಕ್ಕೆಯ ಪಕ್ಕ ಇಟ್ಟು ಅಳೆಯಿರಿ. ಬರಿಗೈಯಲ್ಲಿ ಮುಟ್ಟಬೇಡಿ. 3ರಿಂದ 6 ಮಿಲಿಮೀಟರ್ ಒಳಗಿದ್ದು ತುದಿ ಚೂಪಾಗಿದ್ದರೆ ಸುಂಡಿಲಿ, ಜೀರಿಗೆಯಷ್ಟು ಅಂದ್ಕೊಳ್ಳಿ. 12 ಮಿ.ಮೀ. ಆಸುಪಾಸು, ಸ್ವಲ್ಪ ಬಾಗಿದ ಹಾಗೆ, ತುದಿ ಚೂಪು ಇದ್ದರೆ ಅಟ್ಟದ ಮೇಲೆ ಓಡಾಡೋ ಕಪ್ಪಿಲಿ. ನಮ್ಮ ಕಡೆ ಮನೆಯೊಳಗೆ ಸೇರೋ ದೊಡ್ಡಿಲಿ ಅಂದ್ರೆ ಹೆಚ್ಚಾಗಿ ಇದೇ. 18–20 ಮಿ.ಮೀ. ಇದ್ದು ತುದಿ ಮೊಂಡಾಗಿದ್ದರೆ ಚರಂಡಿಯ ಕಂದು ಇಲಿ. ಅದು ನಮ್ಮ ದೇಶದಲ್ಲಿ ಬಂದರು ಪಟ್ಟಣಗಳ ಪ್ರಾಣಿ, ಹಾಸನದಲ್ಲಿ ಮೊದಲು ಅದರ ಮೇಲೆ ಅನುಮಾನ ಪಡಬೇಕಾಗಿಲ್ಲ. ಯೂಟ್ಯೂಬಲ್ಲಿ ಬರೋ ವಿದೇಶಿ ವಿಡಿಯೊಗಳು ಬಹುಪಾಲು ಈ ಕಂದು ಇಲಿಯದ್ದೇ. ಅದನ್ನ ನೋಡಿ ನಮ್ಮನೆ ಹಿಕ್ಕೆಗೆ ತಾಳೆ ಹಾಕಿದ್ರೆ ಲೆಕ್ಕ ತಪ್ಪತ್ತೆ.

ಹೇಗೆ ಬಿದ್ದಿದೆ ಅನ್ನೋದನ್ನೂ ಗಮನಿಸಿ. ಸುಂಡಿಲಿ ನಡೀತಾ ನಡೀತಾನೇ ಉದುರಿಸಿಕೊಂಡು ಹೋಗತ್ತೆ, ಒಂದೇ ದಿನಕ್ಕೆ 50ರಿಂದ 80 ಹಾಕತ್ತೆ. ಅದಕ್ಕೇ ಒಂದೇ ಒಂದು ಸೇರಿಕೊಂಡ್ರೂ ಮನೆ ತುಂಬ ಇಲಿ ಅನ್ನಿಸೋದು. ದೊಡ್ಡಿಲಿ ತನ್ನ ದಾರಿಯಲ್ಲಿ, ತಿನ್ನೋ ಜಾಗದಲ್ಲಿ ಅಲ್ಲಲ್ಲಿ ಗುಂಪಾಗಿ ಬಿಡತ್ತೆ. ದೊಡ್ಡಿಲಿ ಮರಿಗಳದ್ದೂ ಸಣ್ಣ ಹಿಕ್ಕೆಯೇ, ನಿಜ. ಆದ್ರೆ ಮರಿ ಇದ್ದಲ್ಲಿ ತಾಯಿದೂ ಇರಬೇಕಲ್ಲ. ಸಣ್ಣದು ದೊಡ್ಡದು ಬೆರೆತಿದ್ದರೆ ದೊಡ್ಡಿಲಿ ಸಂಸಾರ, ಎಲ್ಲಾ ಒಂದೇ ಅಳತೆಯ ಸಣ್ಣವಾದ್ರೆ ಸುಂಡಿಲಿ.

ಹೊಸದು ಕಪ್ಪಗೆ ಮಿರುಗತ್ತೆ, ಮೆತ್ತಗಿರತ್ತೆ. ಹಳೇದು ಬೂದುಬಣ್ಣಕ್ಕೆ ತಿರುಗಿ ಒಣಗಿರತ್ತೆ. ಒಂದು ಶೆಲ್ಫ್ ಪೂರ್ತಿ ಒರೆಸಿಟ್ಟು ಬೆಳಿಗ್ಗೆ ನೋಡಿ, ಈಗಲೂ ಬರ್ತಿದೆಯೋ ಹಿಂದಿನ ಬಾಡಿಗೆದಾರರ ಕಾಲದ್ದೋ ಗೊತ್ತಾಗತ್ತೆ.

ಹಲ್ಲಿಪಲ್ಲಿ
ಅಳೆಯೋ ಮುಂಚೆ ಹಲ್ಲಿಯದ್ದಾ ಅಂತ ನೋಡ್ಕೊಳ್ಳಿ. ಹಲ್ಲಿ ಹಿಕ್ಕೆಯ ಒಂದು ತುದಿಗೆ ಬಿಳಿ ಚುಕ್ಕೆ ಇರತ್ತೆ, ಇಲಿಯದ್ದಕ್ಕೆ ಇರಲ್ಲ. ಜಿರಲೆಯದ್ದು ಇನ್ನೂ ಸಣ್ಣದು, ತುದಿ ಮೊಂಡು, ಉದ್ದಕ್ಕೆ ಗೆರೆ ಗೆರೆ. ಕಿಟಕಿ ಕೆಳಗೆ, ಸನ್‌ಶೇಡ್ ಅಡಿಯಲ್ಲಿ ರಾಶಿ ಬಿದ್ದಿದ್ದು, ಕಡ್ಡಿಯಲ್ಲಿ ಒತ್ತಿದ್ರೆ ಪುಡಿಯಾಗಿ ಹುಳದ ರೆಕ್ಕೆ ಚೂರು ಹೊಳೆದ್ರೆ ಅದು ಬಾವಲಿ.

ಹಾಸನದ ಬಾಡಿಗೆಮನೆ
ಅಳೆದೆ. ಅಡುಗೆಮನೆಯದ್ದೆಲ್ಲಾ 4–5 ಮಿ.ಮೀ., ಚೂಪು, ಚೆಲ್ಲಾಪಿಲ್ಲಿ. ಚಮಚದ ಟ್ರೇ ಒಳಗೂ ಇದೆ, ಛೀ. ಬಿಳಿ ಚುಕ್ಕೆ ಇಲ್ಲ. ಯುಟಿಲಿಟಿಯದ್ದು ಹಾಗಲ್ಲ: ಒಂದೇ ಮೂಲೆಯಲ್ಲಿ ಗುಡ್ಡೆ, ದಪ್ಪ, ಮೆತ್ತಗೆ, ಕಪ್ಪುಹಸಿರು. ಒಂದೊಂದು ಒಂದು ಸೆಂಟಿಮೀಟರ್ ಹತ್ತಿರ ಬರತ್ತೆ. ನಾತ ಅದರಿಂದಲೇ. ಹಾಗಾದ್ರೆ ಎರಡೂ ಬಂದಿದೆಯಾ? ಸುಂಡಿಲಿ ಒಂದು, ದೊಡ್ಡಿಲಿ ಒಂದು?

ಬೆಕ್ಕಿನಮ್ಮ
ಯುಟಿಲಿಟಿಯಲ್ಲಿ ಇರೋದು ಇಲಿಯೇ ಅಲ್ಲ, ಮೂಗಿಲಿ. ನಮ್ಮ ಬೆಕ್ಕು ಅದನ್ನ ಹಿಡಿದು ಕೊಂದು ಬಾಗಿಲಲ್ಲಿ ಹಾಕಿ ಹೋಗತ್ತೆ, ಮೂಸಿಯೂ ನೋಡಲ್ಲ. ಅದರ ಪಕ್ಕೆಯಲ್ಲಿ ಕಸ್ತೂರಿ ವಾಸನೆಯ ಗ್ರಂಥಿ ಇದೆ, ಆ ನಾತಕ್ಕೇ ಬೆಕ್ಕು ಬಿಟ್ಟುಬಿಡೋದು. ಮೂತಿ ಉದ್ದ, ಕಣ್ಣು ಸಾಸಿವೆಗಿಂತ ಸ್ವಲ್ಪ ದೊಡ್ಡದು, ಕಿವಿ ತಲೆಗೆ ಅಂಟಿಕೊಂಡಿರತ್ತೆ. ಕಣ್ಣು ಮಂಜು, ಹಾಗಾಗಿ ಗೋಡೆ ಹಿಡಿದೇ ಓಡತ್ತೆ, ಓಡೋವಾಗ ಕಿಚಕಿಚ ಅಂತ ಸದ್ದು ಮಾಡ್ತಾನೇ ಇರತ್ತೆ. ಸುಂಡಿಲಿ ಓಡಾಡಿದ್ರೆ ಇಷ್ಟು ಸದ್ದೇ ಬರಲ್ಲ.

(ಕೆಲವು ಊರಲ್ಲಿ ಮೂಗಿಲಿಗೇ ಸುಂಡಿಲಿ ಅಂತಾರೆ. ಇಲ್ಲಿ ತಾತ ಶುರು ಮಾಡಿದ ಹಾಗೆ ಸುಂಡಿಲಿ ಅಂದ್ರೆ ಸಣ್ಣ ಇಲಿ ಅಂತಲೇ ಇಟ್ಕೊಳ್ಳೋಣ.)

ಮೂಗಿಲಿ ಹುಳ ತಿನ್ನೋ ಜಾತಿ, ಇಲಿಗಳ ಬಳಗವೇ ಅಲ್ಲ. ವೈರ್ ಕಡಿಯಲ್ಲ, ಮರ ಕೊರೆಯಲ್ಲ. ಯುಟಿಲಿಟಿಯಲ್ಲಿ ಮೂಗಿಲಿ ಇದೆ ಅಂದ್ರೆ ಮೋರಿಯಲ್ಲಿ ಜಿರಲೆ ಇದೆ ಅಂತ ಅರ್ಥ. ರಾತ್ರಿ ಹನ್ನೊಂದಕ್ಕೆ ಲೈಟ್ ಹಾಕಿ ನೋಡಿ, ನಾನು ಹೇಳಿದ್ದು ಸುಳ್ಳಾ ಅಂತ. ಜಾಲಿಗೆ ಮುಚ್ಚಳ ಹಾಕಿ ಜಿರಲೆ ಕಡಿಮೆ ಮಾಡಿದ್ರೆ ಅದು ತಾನಾಗೇ ಬೇರೆ ಕಡೆ ಹೋಗತ್ತೆ. ದಯವಿಟ್ಟು ಕೊಲ್ಲಬೇಡಿ.

ಪೇಡೆದವರು
ಧಾರವಾಡದಿಂದ ಬರಿಯಾಕತ್ತೇನಿ. ತಾತಾರು ಹೇಳಿದ್ದು ಖರೇ ಅದ, ಆದ್ರ ಹಲ್ಲಿನ ಗುರುತು ಬಿಟ್ರಲ್ರೀ. ಹಿಕ್ಕಿ ಯಾರರ ಕಸಾ ಹೊಡದು ತಗದಿರ್ತಾರ, ಹಲ್ಲಿನ ಗುರುತು ಎಲ್ಲಿ ಹೊಕ್ಕೈತಿ? ಸಣ್ಣ ಇಲಿ ಕಡದ ಗೀರು 1–2 ಮಿಲಿಮೀಟರ್, ತೆಳ್ಳಗ, ಒತ್ತೊತ್ತಾಗಿ ಇರ್ತಾವ. ದೊಡ್ಡದರದು 4 ಮಿ.ಮೀ. ತನಕಾ ಅಗಲ, ಕಟಗಿ ಬಾಗಲಾ ಕಡದಿದ್ರ ಕೆಳಗ ಹೊಟ್ಟು ಉದರಿರ್ತದ. ನಮ್ಮ ಮನ್ಯಾಗ ಜ್ವಾಳದ ಚೀಲಾ ನೋಡೇ ಅಜ್ಜಿ ಹೇಳ್ತಿದ್ಲು, ತೂತು ಸಣ್ಣದು, ಚೀಲ ಹಂಗ ಅದ, ಅಂದ್ರ ಸಣ್ಣವು. ಚೀಲಾನ ಹರದು ಜ್ವಾಳಾ ಸುರುವಿದ್ರ ದೊಡ್ಡವು. ಸಬಕಾರ ಕಡದದ್ದು, ಮೇಣಬತ್ತಿ ಎತ್ತಿಕೊಂಡು ಹೋದದ್ದು ಎಲ್ಲಾ ದೊಡ್ಡಿಲಿ ಕೆಲಸಾ ನೋಡ್ರಿ.

ಗೋದಾಮು ತಾತ
ಧಾರವಾಡದ ಅಜ್ಜಿ ಹೇಳಿದ್ದೇ ನಮ್ಮ ಗೋದಾಮಿನ ಪಾಠವೂ. ಸುಂಡಿಲಿ ಒಂದು ರಾತ್ರಿಗೆ ತಿನ್ನೋದು ಮೂರು ನಾಲ್ಕು ಗ್ರಾಂ, ಅದನ್ನೂ ಇಪ್ಪತ್ತು ಮೂವತ್ತು ಕಡೆ ಬಾಯಿ ಹಾಕಿ. ತಿಂದಿದ್ದಕ್ಕಿಂತ ಕೆಡಿಸಿದ್ದು ಜಾಸ್ತಿ. ನೀರಿಲ್ಲದೆ ಕಾಳಿನ ತೇವದಲ್ಲೇ ಬದುಕಬಲ್ಲದು, ಅದಕ್ಕೇ ಒಣ ಡ್ರಾಯರ್‌ನಲ್ಲಿ ಸಂಸಾರ ಹೂಡೋದು. ದೊಡ್ಡಿಲಿಗೆ ದಿನಾ ನೀರು ಬೇಕೇ ಬೇಕು, ಸೋರುವ ನಲ್ಲಿ ಇದ್ದಲ್ಲಿಗೆ ಅದರ ದಾರಿ ಹೋಗತ್ತೆ.

ಇನ್ನೂ ಅನುಮಾನ ಇದ್ರೆ ಹೆಜ್ಜೆ ಹಿಡಿಯಿರಿ. ಮಗು ಮಲಗಿದ ಮೇಲೆ ಒಂದು ದಪ್ಪ ರಟ್ಟಿನ ಮೇಲೆ ಮೈದಾ ತೆಳ್ಳಗೆ ಜರಡಿ ಹಿಡಿದು, ಗೋಡೆಗೆ ಅಂಟಿಸಿದ ಹಾಗೆ ಇಡಿ. ರಂಗೋಲಿ ಪುಡಿ ಒರಟು, ಗುರುತು ಮೂಡಲ್ಲ. ಬೆಳಿಗ್ಗೆ ಟಾರ್ಚನ್ನ ನೇರವಾಗಿ ಮೇಲಿಂದ ಬಿಡದೆ ಪಕ್ಕದಿಂದ ಬಿಟ್ಟು ನೋಡಿ, ನೆರಳು ಬಿದ್ದು ಹೆಜ್ಜೆ ಎದ್ದು ಕಾಣತ್ತೆ. ಹಿಂಗಾಲಿನ ಗುರುತು ಎರಡು ಸೆಂಟಿಮೀಟರ್ ಒಳಗಿದ್ದರೆ ಸುಂಡಿಲಿ, ಮೂರು ದಾಟಿದರೆ ದೊಡ್ಡಿಲಿ. ಎರಡರದ್ದೂ ಮುಂಗಾಲಲ್ಲಿ ನಾಲ್ಕು ಬೆರಳು, ಹಿಂಗಾಲಲ್ಲಿ ಐದು. ನಾಲ್ಕೂ ಕಾಲಲ್ಲಿ ಐದೈದು ಮೂಡಿದ್ದರೆ ಬೆಕ್ಕಿನಮ್ಮನವರು ಹೇಳಿದ ಮೂಗಿಲಿ. ನಡುವೆ ಗೀರಿನ ಹಾಗೆ ಬರೋದು ಬಾಲ.

ಒಂದೇಟು
ಅಬ್ಬಬ್ಬಾ, ಇಲಿಗೆ ಜಾತಕ ಬರೆಯೋ ಹಾಗಿದೆ. ಅಂಗಡಿಯಲ್ಲಿ ಟ್ಯೂಬ್ ಪೇಸ್ಟ್ ಸಿಗತ್ತೆ, ಬ್ರೆಡ್ಡಿಗೆ ಹಚ್ಚಿ ಇಡಿ. ಸಣ್ಣದೋ ದೊಡ್ಡದೋ, ಬೆಳಿಗ್ಗೆಗೆ ಕಥೆ ಮುಗಿದಿರತ್ತೆ.

ನೈಟ್ ಡ್ಯೂಟಿ ಸಿಸ್ಟರ್
ಒಂದೇಟು ಅವರೇ, ಆ ಪೇಸ್ಟ್ ಯಾವುದು ಅಂತ ಗೊತ್ತಿದ್ಯಾ? ಹಳದಿ ರಂಜಕ. ಅದಕ್ಕೆ ಪ್ರತಿವಿಷ ಇಲ್ಲ. ತಿಂದವರು ಮೊದಲು ಸ್ವಲ್ಪ ವಾಂತಿ ಮಾಡಿ ಆಮೇಲೆ ಒಂದೆರಡು ದಿನ ಚೆನ್ನಾಗೇ ಇರ್ತಾರೆ, ಮನೆಯವರು ಗಂಡಾಂತರ ಕಳೀತು ಅಂದ್ಕೊಳ್ತಾರೆ, ಅಷ್ಟರಲ್ಲಿ ಲಿವರ್ ಕೈಕೊಡೋಕೆ ಶುರುವಾಗಿರತ್ತೆ. ನಮ್ಮ ವಾರ್ಡಿನಲ್ಲಿ ಇದನ್ನ ನೋಡಿದವರಾರೂ ಮನೆಗೆ ಆ ಟ್ಯೂಬ್ ತರಲ್ಲ. ಅಂಬೆಗಾಲಿಡೋ ಮಗು ಇರೋ ಮನೆಗೆ ಬ್ರೆಡ್ಡಿಗೆ ಹಚ್ಚಿ ಇಡಿ ಅಂತ ಬರೀತೀರಲ್ಲ.

ಕೇಕ್ ಅಂತ ಸಿಗೋದು ಹೆಚ್ಚಾಗಿ ಬ್ರೊಮಾಡಿಯೋಲೋನ್. ಅದು ರಕ್ತ ಹೆಪ್ಪುಗಟ್ಟದ ಹಾಗೆ ಮಾಡತ್ತೆ, ವಿಟಮಿನ್ ಕೆ1 ಕೊಟ್ಟು ಚಿಕಿತ್ಸೆ ಮಾಡಬಹುದು. ಆದ್ರೆ ತಿಂದ ಇಲಿ ಸಾಯೋಕೆ ಕೆಲವು ದಿನ ಬೇಕು, ಅದು ಕಬೋರ್ಡಿನ ಹಿಂದೆ ಹೋಗಿ ಸತ್ತರೆ ಆ ವಾಸನೆ ವಾರಗಟ್ಟಲೆ. ಅದನ್ನ ತಿಂದ ಬೆಕ್ಕು, ಗೂಬೆಗೂ ಅಪಾಯ. ಹುಳ ತಿನ್ನೋ ಮೂಗಿಲಿಗೆ ಕಾಳಿನ ಕೇಕ್ ಇಟ್ಟು ಕಾಯೋದರಲ್ಲಂತೂ ಅರ್ಥವೇ ಇಲ್ಲ.

ಹಾಸನದವರಿಗೆ: ಹಿಕ್ಕೆಯನ್ನ ಒಣಗಿದ್ದಾಗ ಪೊರಕೆ ಹಾಕಬೇಡಿ, ಧೂಳಾಗಿ ಮೂಗಿಗೆ ಹೋಗತ್ತೆ. ಗ್ಲೌಸ್ ಹಾಕಿ, ಬ್ಲೀಚಿಂಗ್ ಪೌಡರ್ ಕಲಸಿದ ನೀರು ಚಿಮುಕಿಸಿ ಐದು ನಿಮಿಷ ನೆನೆಯೋಕೆ ಬಿಡಿ, ಆಮೇಲೆ ಹಳೇ ಪೇಪರಲ್ಲಿ ಒತ್ತಿ ತೆಗೆದು ಕವರಲ್ಲಿ ಕಟ್ಟಿ ಬಿಸಾಡಿ. ಚಮಚದ ಟ್ರೇಯನ್ನ ಸೋಪಲ್ಲಿ ತೊಳೆದು ಬಿಸಿನೀರು ಹಾಕಿ. ಇಲಿ ಜ್ವರ ಹರಡೋದು ಮೂತ್ರದಿಂದ, ಅದು ಸೇರಿದ ನೀರು ಕಾಲಿನ ಗಾಯಕ್ಕೆ ತಾಗಿದ್ರೂ ಸಾಕು. ಮಳೆಗಾಲದಲ್ಲಿ ಮಲೆನಾಡು ಕರಾವಳಿ ಕಡೆಯವರಿಗೆ ಇದು ಗೊತ್ತಿರೋದೇ. ಜ್ವರದ ಜೊತೆ ಮೀನಖಂಡ ಹಿಡಿದುಕೊಂಡ ಹಾಗೆ ನೋವು, ಕಣ್ಣು ಕೆಂಪು ಇದ್ದರೆ ಡಾಕ್ಟರ ಹತ್ರ "ಮನೇಲಿ ಇಲಿ ಇದೆ" ಅಂತ ನೀವಾಗೇ ಬಾಯಿಬಿಟ್ಟು ಹೇಳಿ. ಕೇಳಲಿ ಅಂತ ಕಾಯಬೇಡಿ.

ಒಂದೇಟು
ಪೇಸ್ಟ್ ಬೇಡ, ಒಪ್ಪಿದೆ ಸಿಸ್ಟರ್. ಅಂಟು ಹಲಗೆ ಇಡಬಹುದಲ್ಲ?

ಬೆಕ್ಕಿನಮ್ಮ
ಅಂಟು ಹಲಗೆಗೆ ಮೊದಲು ಸಿಗೋದು ಹಲ್ಲಿ, ಆಮೇಲೆ ಮೂಗಿಲಿ, ಕೊನೆಗೆ ನಿಮ್ಮ ಚಪ್ಪಲಿ. ಜೀವಂತ ಅಂಟಿಕೊಂಡು ಒದ್ದಾಡೋದನ್ನ ಬೆಳಿಗ್ಗೆ ನೋಡೋಕೆ ನಿಮಗೆ ಆಗತ್ತಾ? ಬೋನು ಇಡಿ.

ಅಡಿಕೆ ತೋಟದವ
ನಮ್ಮದು ಪುತ್ತೂರು ಕಡೆ, ಹಂಚಿನ ಮನೆ. ಇಲ್ಲಿ ಸುಂಡಿಲಿಗಿಂತ ಕಪ್ಪಿಲಿಯದ್ದೇ ಕಾರುಬಾರು ಮಾರಾಯ್ರೇ. ಅದು ಇರುವುದು ಮೇಲೆ, ನೆಲದಲ್ಲಿ ಹುಡುಕಿದರೆ ಏನೂ ಸಿಗುವುದಿಲ್ಲ. ಏಣಿ ಇಟ್ಟು ಅಟ್ಟಕ್ಕೆ ಹತ್ತಿ ಪಕ್ಕಾಸು ನೋಡಬೇಕು. ದಿನಾ ಅದೇ ದಾರಿಯಲ್ಲಿ ಮೈ ಉಜ್ಜಿ ಉಜ್ಜಿ ಮರಕ್ಕೆ ಕಪ್ಪು ಜಿಡ್ಡು ಹಿಡಿದಿರುತ್ತದೆ. ಪಕ್ಕಾಸು ತೊಲೆಯನ್ನು ದಾಟುವಲ್ಲಿ ಅದು ಅಡಿಯಿಂದ ನುಸುಳಿಕೊಂಡು ಹೋಗುತ್ತದಲ್ಲ, ಅಲ್ಲಿ ಅರ್ಧಚಂದ್ರದ ಹಾಗೆ ಕಲೆ ಉಂಟು. ಬೆರಳಲ್ಲಿ ಉಜ್ಜಿದಾಗ ಮೆತ್ತಿಕೊಂಡರೆ ಈಗಲೂ ಓಡಾಟ ಉಂಟು. ಒಣಗಿ ಹಕ್ಕಳೆ ಎದ್ದರೆ ಬಿಟ್ಟುಹೋದ ದಾರಿ. ಸುಂಡಿಲಿಯ ಜಿಡ್ಡು ಇಷ್ಟು ಕಾಣುವುದೇ ಇಲ್ಲ.

ತೋಟದಲ್ಲಿಯೂ ಇದೇ ಕಳ್ಳ. ತೆಂಗಿನ ಬುಡದಲ್ಲಿ ಎಳೆ ಕಾಯಿ ಬಿದ್ದಿದ್ದು, ತೊಟ್ಟಿನ ಹತ್ತಿರ ದುಂಡಗೆ ತೂತು ಇದ್ದರೆ ಮೇಲೆ ಸುಳಿಯಲ್ಲಿ ಇಲಿ ಉಂಟು ಅಂತಲೇ. ಕಾಂಡಕ್ಕೆ ಆಳೆತ್ತರದಲ್ಲಿ ನುಣ್ಣನೆಯ ತಗಡಿನ ಪಟ್ಟಿ ಸುತ್ತುತ್ತೇವೆ. ಆದರೆ ಪಕ್ಕದ ಮರದ ಗರಿ ತಾಗುತ್ತಿದ್ದರೆ ಪಟ್ಟಿ ಕಟ್ಟಿ ಏನು ಪ್ರಯೋಜನ, ಅದು ಗರಿಯಿಂದ ಗರಿಗೆ ಹೋಗುತ್ತದೆ. ಪೇಟೆಯಲ್ಲಿ ಕೇಬಲ್ ವೈರಿನ ಮೇಲೆ ಹೋಗುವುದೂ ಇದೇ ಇಲಿ.

ಹಾಸನದ ಬಾಡಿಗೆಮನೆ
ಮೈದಾ ಇಟ್ಟಿದ್ದೆ. ಅಡುಗೆಮನೆ ರಟ್ಟಿನ ಮೇಲೆ ಪುಟ್ಟ ಪುಟ್ಟ ಹೆಜ್ಜೆ, ಹಿಂಗಾಲಿನದ್ದೂ ಎರಡು ಸೆಂಟಿಮೀಟರ್ ಇಲ್ಲ. ಒಂದು ಕಡೆ ಮೈದಾ ನೆಕ್ಕಿದೆ ಕೂಡ! ಯುಟಿಲಿಟಿಯದ್ದರಲ್ಲಿ ಗೋಡೆ ಉದ್ದಕ್ಕೂ ಒಂದೇ ಸಾಲು, ಸ್ಪಷ್ಟವಾಗಿ ಮೂಡಿರೋ ಕಡೆ ಎಲ್ಲಾ ಕಾಲಲ್ಲೂ ಐದು ಬೆರಳು. ಅದರ ಪಾಡಿಗೆ ಅದನ್ನ ಬಿಟ್ಟು ಮೋರಿ ಜಾಲಿ ಬದಲಾಯಿಸ್ತಿದ್ದೀನಿ. ಜಿರಲೆ ವಿಷಯ ಬೆಕ್ಕಿನಮ್ಮ ಹೇಳಿದ್ದು ಸತ್ಯ, ಜಾಸ್ತಿ ಕೇಳಬೇಡಿ.

ಅಡುಗೆಮನೆ ಬೋನಿಗೆ ಒಂದು ಸಿಕ್ಕಿಬಿತ್ತು. ನಮ್ಮೆಜಮಾನ್ರು "ಇದು ದೊಡ್ಡಿಲಿ ಮರಿ, ತಾಯಿ ಎಲ್ಲೋ ಇದೆ" ಅಂತ ಹೆದರಿಸ್ತಿದ್ದಾರೆ. ಫೋಟೊ ಹಾಕಿದ್ದೀನಿ.

ಗೋದಾಮು ತಾತ
ಫೋಟೊ ನೋಡಿದೆ. ಯಜಮಾನರಿಗೆ ಹೇಳಿ, ಹೆದರಬೇಕಾಗಿಲ್ಲ. ದೊಡ್ಡಿಲಿ ಮರಿಯಾದ್ರೆ ಮೈಗೆ ಹೊಂದದಷ್ಟು ದಪ್ಪ ತಲೆ, ಉದ್ದುದ್ದ ಪಾದ ಇರತ್ತೆ, ಮೂತಿ ಮೊಂಡು. ಇದರ ತಲೆ ಸಣ್ಣದು, ಮೂತಿ ಚೂಪು, ಪಾದ ಚಿಕ್ಕದು, ತಲೆಗೆ ಹೋಲಿಸಿದ್ರೆ ಕಿವಿ ಅಗಲ. ಬೆಳೆದ ಸುಂಡಿಲಿಯೇ. ಪೂರ್ತಿ ಬೆಳೆದರೂ 30 ಗ್ರಾಂ ದಾಟೋದು ಕಷ್ಟ ಇದು.

ಈಗ ಯಾಕೆ ಇಷ್ಟು ವಿಚಾರಣೆ ಮಾಡಿದ್ವಿ ಅಂತ ಒಂದೇಟು ಅವರಿಗೂ ಗೊತ್ತಾಗಲಿ. ಸುಂಡಿಲಿಗೆ ಕುತೂಹಲ ಜಾಸ್ತಿ, ಹೊಸ ವಸ್ತು ಇಟ್ಟರೆ ಅವತ್ತೇ ಬಂದು ಮೂಸತ್ತೆ. ಓಡಾಟ ಮಾತ್ರ ಗೂಡಿನಿಂದ ಕೆಲವೇ ಮೀಟರ್. ಹಾಗಾಗಿ ಒಂದು ಬೋನು ಹಜಾರದಲ್ಲಿಟ್ಟು ಕಾದರೆ ಪ್ರಯೋಜನ ಇಲ್ಲ. ಸಣ್ಣ ಬೋನುಗಳನ್ನ ಎರಡು ಮೂರು ಮೀಟರ್‌ಗೊಂದರಂತೆ ಗೋಡೆ ಬದಿಗೆ, ಸ್ಟವ್ ಹಿಂದೆ, ಡ್ರಾಯರ್ ಕೆಳಗೆ ಇಡಿ. ಸುಟ್ಟ ಕೊಬ್ಬರಿ ಚೂರು ಸಾಕು, ಮುಷ್ಟಿಗಟ್ಟಲೆ ಬೇಡ.

ದೊಡ್ಡಿಲಿ ಸ್ವಭಾವ ಇದಕ್ಕೆ ತದ್ವಿರುದ್ಧ. ಹೊಸದು ಏನು ಕಂಡ್ರೂ ದೂರ ಸರಿಯತ್ತೆ. ಅದಕ್ಕೆ ಬೋನನ್ನ ಬಾಗಿಲು ಕಟ್ಟಿಹಾಕಿ, ಒಳಗೆ ವಡೆಯೋ ಕೊಬ್ಬರಿಯೋ ಇಟ್ಟು, ಕೆಲವು ರಾತ್ರಿ ಸುಮ್ಮನೆ ತಿನ್ನೋಕೆ ಬಿಡಬೇಕು. ಅಭ್ಯಾಸ ಆದ ಮೇಲೆ ಕಟ್ಟು ಬಿಚ್ಚಬೇಕು. ಮೊದಲ ರಾತ್ರಿಯೇ ಬೋನು ಹೂಡಿ "ನಮ್ಮನೆ ಇಲಿ ಭಾರಿ ಬುದ್ಧಿವಂತ" ಅನ್ನೋರು ಬಹಳ ಜನ.

ಆಮೇಲೆ ತೂತು ಮುಚ್ಚಿ. ಪೆನ್ಸಿಲ್ ತೂರೋ ಸಂದಿ ಸಾಕು ಸುಂಡಿಲಿಗೆ, 6 ಮಿ.ಮೀ. ಸಿಂಕ್ ಕೆಳಗೆ ಪೈಪ್ ಗೋಡೆ ಸೇರೋ ಜಾಗ ನೋಡಿ, ನೂರಕ್ಕೆ ತೊಂಬತ್ತು ಮನೆಯಲ್ಲಿ ಅಲ್ಲಿ ಪ್ಲಂಬರ್ ಬಿಟ್ಟ ಸಂದಿ ಇರತ್ತೆ. ಪಾತ್ರೆ ಉಜ್ಜೋ ಸ್ಟೀಲ್ ನಾರು ಬಿಗಿಯಾಗಿ ತುರುಕಿ ಮೇಲೆ ಸಿಮೆಂಟ್ ಹಚ್ಚಿಸಿ. ಬರೀ ಬಟ್ಟೆ, ಥರ್ಮಾಕೋಲ್ ತುರುಕಿದ್ರೆ ಅದನ್ನೇ ಎಳೆದುಕೊಂಡು ಗೂಡು ಕಟ್ಟತ್ತೆ.

ಅಗ್ರಹಾರದ ಮೊಮ್ಮಗ
ಒಳ್ಳೇ ಥ್ರೆಡ್. ಮೈಸೂರಿಂದ. ನಮ್ಮ ತಾತನ ಕಾಲದಲ್ಲಿ ಇಲಿಯ ಗುರುತು ಅಂದ್ರೆ ಒಂದೇ: ಜಂತೆಯಿಂದ ಇಲಿ ಸತ್ತು ಬಿತ್ತಾ ಅಂತ. ಬಿದ್ದರೆ ಪಾತ್ರೆ ಪಡಗ ಕಟ್ಟಿಕೊಂಡು ಊರಾಚೆ ಗುಡಿಸಲು ಹಾಕ್ತಿದ್ರಂತೆ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತಲ್ಲ, ಆಮೇಲಿನ ವರ್ಷಗಳ ಮಾತು. ಪ್ಲೇಗಿನ ಚಿಗಟ ಹೊತ್ತಿದ್ದು ಇದೇ ಅಟ್ಟದ ಕಪ್ಪಿಲಿ, ಮೇಲೆ ಅಡಿಕೆ ತೋಟದವರು ಹೇಳಿದ್ದು. ಇಲಿ ಸತ್ತು ಅದರ ಮೈ ತಣ್ಣಗಾದ ಮೇಲೆ ಚಿಗಟ ಮನುಷ್ಯರ ಮೇಲೆ ಹಾರತ್ತೆ, ಹಾಗಾಗಿ ಮನೆ ಬಿಡ್ತಿದ್ದದ್ದು ಮೂಢನಂಬಿಕೆ ಆಗಿರಲಿಲ್ಲ.

ನನ್ನ ಪ್ರಶ್ನೆ ಬೇರೆ. ಕಾಂಪೌಂಡ್ ಗೋಡೆ ಬುಡದಲ್ಲಿ ದಾಸವಾಳದ ಗಿಡದ ಪಕ್ಕ ದೊಡ್ಡ ತೂತು, ಮುಂದೆ ಸಡಿಲ ಮಣ್ಣಿನ ಗುಡ್ಡೆ. ಇದೂ ಇಲಿಯಾ, ಹೆಗ್ಗಣವಾ? ಮನೆಯೊಳಗೆ ಏನೂ ಬಂದಿಲ್ಲ.

ಗೋದಾಮು ತಾತ
ಅದು ಹೆಗ್ಗಣ. ಸುಂಡಿಲಿ, ಕಪ್ಪಿಲಿ ಇಷ್ಟು ಮಣ್ಣು ತೋಡಿ ಹೊರಗೆ ಹಾಕಲ್ಲ. ಹೆಗ್ಗಣದ ಬಾಲ ಮೈಗಿಂತ ಗಿಡ್ಡ, ಕಪ್ಪಿಲಿಯದ್ದು ಮೈಗಿಂತ ಉದ್ದ. ಕತ್ತಲಲ್ಲಿ ಓಡಿಹೋದ್ರೂ ಇದೊಂದು ಕಣ್ಣಿಗೆ ಬಿದ್ದರೆ ಸಾಕು. ದೊಡ್ಡ ಜಾತಿಯದ್ದು ಒಂದು ಕೆಜಿ ತೂಗತ್ತೆ. ಸಣ್ಣ ಜಾತಿ ಗದ್ದೆಯಲ್ಲೂ ಇದೆ, ಭತ್ತದ ತೆನೆ ಕಡಿದು ಬಿಲದೊಳಗೆ ಕೂಡಿಡತ್ತೆ, ಒಳಗಿದ್ದಾಗ ಬಾಯಿಗೆ ಮಣ್ಣು ಮುಚ್ಚಿಕೊಳ್ಳತ್ತೆ.

ಮನೆಯೊಳಗೆ ಬರೋದಕ್ಕಿಂತ ಅಡಿಪಾಯದ ಪಕ್ಕ ಮಣ್ಣು ಸಡಿಲ ಮಾಡೋದೇ ಅದರ ಕಾಟ. ಸಂಜೆ ಎಲ್ಲಾ ಬಿಲದ ಬಾಯಿಗೂ ಮಣ್ಣು ತುಂಬಿ ತುಳಿದುಬಿಡಿ. ಬೆಳಿಗ್ಗೆ ಯಾವುದು ಮತ್ತೆ ತೆರೆದಿದೆಯೋ ಅದರಲ್ಲೇ ವಾಸ. ಬೋನು ಇಡೋದಾದ್ರೆ ದೊಡ್ಡ ಬೋನು, ಅದರ ಮುಂದೆ. ಖಾಲಿ ಅಂತ ಖಾತ್ರಿ ಆದ ಮೇಲೆ ಗಾಜಿನ ಚೂರು, ಜಲ್ಲಿ ತುಂಬಿ ಕಾಂಕ್ರೀಟ್ ಸುರಿಸಿ. ಹಸಿ ಕಸದ ಬಕೆಟ್ಟು ರಾತ್ರಿ ಗೇಟಿನ ಹೊರಗೆ ಬಿಡ್ತಿದ್ರೆ ನಿಲ್ಲಿಸಿ. ಬಿಲಕ್ಕೆ ಕೈ ಮಾತ್ರ ಹಾಕಬೇಡಿ, ಹೆಗ್ಗಣ ಬಿಟ್ಟ ಬಿಲಕ್ಕೆ ಹಾವು ಸೇರಿಕೊಳ್ಳೋದು ಉಂಟು.

ಅಗ್ರಹಾರದ ಮೊಮ್ಮಗ
ಇವತ್ತೇ ಸಂಜೆ ಮಣ್ಣು ತುಂಬ್ತೀನಿ ತಾತ. ಬಕೆಟ್ಟು ಪಕ್ಕದ ಮನೆಯವರದ್ದು, ಅವರಿಗೆ ಹೇಳೋದು ಹೆಗ್ಗಣ ಹಿಡಿಯೋದಕ್ಕಿಂತ ಕಷ್ಟದ ಕೆಲಸ.